ಮಂಜಿನಲ್ಲಿ ಬೆಟ್ಟ ಎಲ್ಲಿ ಹೋಗುತ್ತೆ?



ಹೋದ ಸಲ ನಾನು ಜೇನುಗೂಡಿನ ಬಗ್ಗೆ ಬರೆದಿದ್ದೆ. ಈ ಸಲ ವಿಮಾನ, ಮಂಜು ಮತ್ತು ಬೆಟ್ಟ, ಈ ಮೂರರ ಬಗ್ಗೆ ಬರೆಯುತ್ತಿದ್ದೇನೆ. ಈ ವಿಷಯ ಯಾಕೆ ತೆಗೆದುಕೊಂಡೆ ಅಂತ ಮೊದಲು ಹೇಳಿಬಿಡುತ್ತೇನೆ.

ಸಂಕ್ರಾಂತಿಗೆ ನಾನು ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿರುವ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಡಾ. ರಾಜ್‌ಕುಮಾರ್ ಸಮಾಧಿ ಇರುವ ಕಂಠೀರವ ಸ್ಟುಡಿಯೋ ಅಲ್ಲಿಗೆ ಹತ್ತಿರ. ಬೆಳಿಗ್ಗೆ ಎದ್ದು ತಾರಸಿಗೆ ಹೋದರೆ ಎಲ್ಲಾ ಕಡೆ ಮಂಜು. ಪಕ್ಕದ ಬೀದಿಯ ನೀರಿನ ಟ್ಯಾಂಕೇ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಗುಡುಗಿದ ಹಾಗೆ ವಿಮಾನದ ಸದ್ದು ಕೇಳಿಸಿತು. ಸದ್ದು ಇದೆ, ವಿಮಾನ ಇಲ್ಲ! "ಅಕ್ಕಾ, ನಮಗೇ ಅವರು ಕಾಣಲ್ಲ, ಅವರಿಗೆ ನೆಲ ಹೇಗೆ ಕಾಣುತ್ತೆ?" ಅಂತ ಕೇಳಿದೆ.

ದೊಡ್ಡಪ್ಪನ ಮಗಳು ಅಕ್ಕ ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುತ್ತಾಳೆ. ಅವಳಿಗೆ ಪೈಲಟ್ ಆಗಬೇಕು ಅಂತ ಆಸೆ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಅದು ಮೈಸೂರು ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದದ್ದು. ಆದರೆ ದೊಡ್ಡಮ್ಮ ಸುತರಾಂ ಒಪ್ಪಿಲ್ಲ. "ಬಿದ್ದರೆ ಯಾರು ಜವಾಬ್ದಾರಿ? ನೀನು ಬಿ.ಎಸ್ಸಿ. ಮಾಡು ಸಾಕು" ಅನ್ನುತ್ತಾರೆ. ಆ ದಿನ ತಿಂಡಿ ಹೊತ್ತಿನಲ್ಲೂ ಇದೇ ಮಾತು ಬಂದು ಅಕ್ಕ ಅತ್ತುಬಿಟ್ಟಳು. ಆಮೇಲೆ ಅಕ್ಕನ ಪುಸ್ತಕಗಳನ್ನು ನೋಡಿ, ನಮ್ಮ ವಿಜ್ಞಾನದ ಟೀಚರನ್ನೂ ಗಣಿತದ ಮೇಷ್ಟ್ರನ್ನೂ ಕೇಳಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮಂಜು ಎಂದರೇನು?

ಗಾಳಿಯಲ್ಲಿ ಯಾವಾಗಲೂ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. ಗಾಳಿ ತಣ್ಣಗಾದರೆ ಅಷ್ಟೊಂದು ಆವಿಯನ್ನು ಹಿಡಿದುಕೊಳ್ಳಲು ಆಗುವುದಿಲ್ಲ. ಆಗ ಆವಿಯು ಸಣ್ಣ ಸಣ್ಣ ನೀರಿನ ಹನಿಗಳಾಗುತ್ತದೆ. ನೆಲದ ಹತ್ತಿರ ಹೀಗಾದರೆ ಮಂಜು, ಮೇಲೆ ಆದರೆ ಮೋಡ. ಎರಡೂ ಒಂದೇ ವಸ್ತು. ಒಂದು ಕಿಲೋಮೀಟರಿಗಿಂತ ಆಚೆ ಇರುವುದು ಕಾಣದಿದ್ದರೆ ಅದನ್ನು ಮಂಜು ಅಂತ ಹವಾಮಾನದವರು ಲೆಕ್ಕ ಹಾಕುತ್ತಾರೆ.

ಬೆಟ್ಟದ ಹತ್ತಿರ ಇನ್ನೊಂದು ಕೆಲಸ ನಡೆಯುತ್ತದೆ. ಬೀಸುವ ಗಾಳಿಗೆ ಬೆಟ್ಟ ಅಡ್ಡ ಬಂದರೆ ಗಾಳಿ ಬೆಟ್ಟ ಹತ್ತಲೇಬೇಕು. ಮೇಲೆ ಹೋದ ಹಾಗೆ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. 100 ಮೀಟರ್ ಏರಿದರೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ತಣ್ಣಗಾದ ಮೇಲೆ ಅಲ್ಲೇ ಮೋಡ ಹುಟ್ಟುತ್ತದೆ. ಅದಕ್ಕೇ ನಮ್ಮೂರಲ್ಲಿ ಬಿಸಿಲಿದ್ದರೂ ನಂದಿಬೆಟ್ಟ ಎಷ್ಟೋ ದಿನ ಬಿಳಿ ಟೋಪಿ ಹಾಕಿಕೊಂಡಿರುತ್ತದೆ. ನಮಗೆ ನೋಡಲು ಚೆಂದ. ಆದರೆ ಪೈಲಟ್‌ಗೆ ಆ ಟೋಪಿಯೊಳಗೆ ಕಲ್ಲಿನ ತಲೆ ಇದೆ ಅಂತ ನೆನಪಿರಬೇಕು.

ವಿಮಾನಕ್ಕೆ ನಿಲ್ಲಲು ಆಗುವುದಿಲ್ಲ

ನಾನು ಒಂದು ದಿನ ಮಂಜಿನಲ್ಲಿ ಸೈಕಲ್ ತುಳಿದುಕೊಂಡು ಬರುವಾಗ ಎದುರಿಗೆ ಎತ್ತಿನಗಾಡಿ ಇದ್ದದ್ದು ಕಾಣಲಿಲ್ಲ. ಎತ್ತಿನ ಕೊರಳ ಗಂಟೆ ಕೇಳಿ ಬ್ರೇಕ್ ಹಾಕಿ ಕಾಲು ಊರಿದೆ. ಬದುಕಿದೆ. ವಿಮಾನಕ್ಕೆ ಕಾಲು ಊರಲು ಜಾಗವಿಲ್ಲ. ರೆಕ್ಕೆಯ ಮೇಲೆ ಗಾಳಿ ಜೋರಾಗಿ ಹರಿದರೆ ಮಾತ್ರ ವಿಮಾನ ಮೇಲೆ ನಿಲ್ಲುತ್ತದೆ. ತರಬೇತಿಗೆ ಬಳಸುವ ಸೆಸ್ನಾ 152 ಎಂಬ ಎರಡು ಸೀಟಿನ ವಿಮಾನ ಗಂಟೆಗೆ ಸುಮಾರು 80 ಕಿಲೋಮೀಟರಿಗಿಂತ ನಿಧಾನವಾದರೆ ಹಾರಲಾರದು.

ಈಗ ಒಂದು ಲೆಕ್ಕ ಮಾಡೋಣ. ಎಲ್ಲರೂ ರಫ್ ಪುಸ್ತಕ ತೆಗೆಯಿರಿ.

ಚಿಕ್ಕ ವಿಮಾನ ಗಂಟೆಗೆ 180 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 50 ಮೀಟರ್. ಮಂಜಿನಲ್ಲಿ 1 ಕಿ.ಮೀ. ಮಾತ್ರ ಕಾಣುತ್ತಿದೆ. ಎದುರಿಗೆ ಬೆಟ್ಟ ಕಾಣಿಸಿತು. ತಲುಪಲು ಎಷ್ಟು ಹೊತ್ತು? 1000 ಭಾಗಿಸು 50, ಅಂದರೆ 20 ಸೆಕೆಂಡ್.

ಆ 20 ಸೆಕೆಂಡಿನಲ್ಲಿ ಮೇಲೆ ಹತ್ತಬಹುದೆ? ಇಂಥ ವಿಮಾನ ಸೆಕೆಂಡಿಗೆ ಹೆಚ್ಚೆಂದರೆ ಮೂರೂವರೆ ಮೀಟರ್ ಏರುತ್ತದೆ. 20 ಸೆಕೆಂಡಿಗೆ 70 ಮೀಟರ್. ಬೆಟ್ಟ ಅದಕ್ಕಿಂತ ಎತ್ತರ ಇದ್ದರೆ ಮುಗಿಯಿತು.

ಸರಿ, ವಾಪಸ್ ತಿರುಗಬಹುದೆ? ಪೈಲಟ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿಸುತ್ತಾರೆ. ಪೂರ್ತಿ ಹಿಂದಕ್ಕೆ ಅಂದರೆ 180 ಡಿಗ್ರಿಗೆ 60 ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ ಅರ್ಧ ವೃತ್ತದಲ್ಲಿ 3000 ಮೀಟರ್ ಹೋಗಿರುತ್ತದೆ. ಅರ್ಧ ವೃತ್ತದ ಉದ್ದವನ್ನು 3.14ರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ, ಸುಮಾರು 955 ಮೀಟರ್. ಅಂದರೆ ತಿರುಗಲು ಮುಂದಕ್ಕೇ 955 ಮೀಟರ್ ಜಾಗ ಬೇಕು. ಇರುವುದು 1000 ಮೀಟರ್. "ಅಯ್ಯೋ ಬೆಟ್ಟ" ಅಂತ ಗೊತ್ತಾಗಿ ಕೈ ಆಡಿಸಲು ನಾಲ್ಕು ಸೆಕೆಂಡ್ ಆದರೆ 200 ಮೀಟರ್ ಹೋಯಿತು. ಇನ್ನು ಉಳಿದದ್ದು 800. ಸಾಲುವುದಿಲ್ಲ! ಇನ್ನೂ ಜೋರಾಗಿ ವಾಲಿಸಿದರೆ ಸುತ್ತು ಚಿಕ್ಕದಾಗುತ್ತದೆ. ಆದರೆ ಹಾಗೆ ಗಾಬರಿಯಲ್ಲಿ ಎಳೆದರೆ ವಿಮಾನವೇ ಬೀಳಬಹುದು.

ಈ ಲೆಕ್ಕ ಮಾಡಿದ ಮೇಲೆ ನನಗೆ ನಿಯಮ ಯಾಕಿದೆ ಅಂತ ತಿಳಿಯಿತು. ಹೊರಗೆ ಕಣ್ಣಿಂದ ನೋಡಿಕೊಂಡು ಹಾರಿಸುವವರಿಗೆ ಸಾಮಾನ್ಯ ಎತ್ತರದಲ್ಲಿ ಕನಿಷ್ಠ 5 ಕಿ.ಮೀ. ದೂರ ಕಾಣಬೇಕು. ಮೋಡದಿಂದ ಪಕ್ಕಕ್ಕೆ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ದೂರ ಇರಬೇಕು. 5 ಕಿ.ಮೀ. ಕಂಡರೆ 100 ಸೆಕೆಂಡ್ ಸಿಗುತ್ತದೆ. ತಿರುಗಬಹುದು, ಜೀವ ಉಳಿಯುತ್ತದೆ.

ಕಿವಿ ಹೇಳುವ ಸುಳ್ಳು

ಬರೀ ಬೆಟ್ಟ ಕಾಣದಿರುವುದು ಒಂದೇ ಕಷ್ಟವಲ್ಲ. ಮಂಜಿನೊಳಗೆ ಹೋದರೆ ಮೇಲೆ ಯಾವುದು ಕೆಳಗೆ ಯಾವುದು ಅಂತಲೇ ತಿಳಿಯುವುದಿಲ್ಲ. ನಾನು ಮೊದಲು ಇದನ್ನು ನಂಬಲಿಲ್ಲ. ತಲೆ ಮೇಲಿದೆ, ಕಾಲು ಕೆಳಗಿದೆ, ತಿಳಿಯದೆ ಏನು?

ಅದಕ್ಕೆ ನಮ್ಮ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಆಫೀಸಿನ ತಿರುಗುವ ಕುರ್ಚಿಯನ್ನು ಹೆಡ್‌ಮಾಸ್ಟರ ಅಪ್ಪಣೆ ಕೇಳಿ ತಂದೆವು. ಒಬ್ಬ ಹುಡುಗನ ಕಣ್ಣಿಗೆ ಟವೆಲ್ ಕಟ್ಟಿ ಕೂರಿಸಿ ನಿಧಾನವಾಗಿ ಒಂದೇ ಸಮನೆ ತಿರುಗಿಸಿದೆವು. ಮೊದಲು "ಬಲಕ್ಕೆ ತಿರುಗ್ತಿದೀನಿ" ಅಂದ. ಸ್ವಲ್ಪ ಹೊತ್ತಿಗೆ "ಈಗ ನಿಂತೆ" ಅಂದ. ಆದರೆ ಕುರ್ಚಿ ಇನ್ನೂ ತಿರುಗುತ್ತಲೇ ಇತ್ತು! ನಾವು ಕುರ್ಚಿ ನಿಲ್ಲಿಸಿದಾಗ "ಎಡಕ್ಕೆ ತಿರುಗಿಸ್ತಿದೀರಾ" ಅಂತ ಕೂಗಿದ. ಎಲ್ಲರೂ ನಕ್ಕೆವು. (ನೀವು ಮಾಡುವಾಗ ಇಬ್ಬರು ಪಕ್ಕದಲ್ಲಿ ಹಿಡಿದುಕೊಂಡಿರಿ, ಬೀಳುತ್ತಾರೆ.)

ಟೀಚರ್ ಕಾರಣ ಹೇಳಿದರು. ಕಿವಿಯ ಒಳಗೆ ಅರ್ಧ ಬಳೆಯ ಆಕಾರದ ಮೂರು ನಾಳಗಳಿವೆ. ಅವುಗಳಲ್ಲಿ ದ್ರವ ಇದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ಮೆದುಳಿಗೆ ತಿರುಗಿದ್ದು ತಿಳಿಯುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ದ್ರವವೂ ಜೊತೆಗೆ ತಿರುಗತೊಡಗುತ್ತದೆ. ಆಗ ಮೆದುಳು "ನಿಂತಿದ್ದೇನೆ" ಅಂದುಕೊಳ್ಳುತ್ತದೆ. ನಿಂತಾಗ ದ್ರವ ಇನ್ನೂ ಹರಿಯುತ್ತಿರುತ್ತದೆ, ಆಗ ಉಲ್ಟಾ ತಿರುಗಿದ ಹಾಗೆ ಅನ್ನಿಸುತ್ತದೆ. ನೆಲದ ಮೇಲೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮಂಜಿನಲ್ಲಿ ಕಣ್ಣಿಗೆ ಬಿಳಿ ಬಿಟ್ಟು ಬೇರೇನೂ ಕಾಣುವುದಿಲ್ಲ, ತಿದ್ದುವವರಿಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿದರು. ಮಂಜಿನಲ್ಲಿ ಹಾರಿಸುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗೆ ಕಾಣದಂತೆ ಮಾಡಿ, ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿ, ವಿಮಾನ ಹಾರಿಸಲು ಕೊಟ್ಟರು. ಇಪ್ಪತ್ತು ಜನರಲ್ಲಿ ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಸರಾಸರಿ ತೆಗೆದುಕೊಂಡ ಸಮಯ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ!

ಬುಗುರಿಯಂಥ ಯಂತ್ರ

ಹಾಗಾದರೆ ನಾನು ಕೇಳಿದ ದೊಡ್ಡ ವಿಮಾನ ಹೇಗೆ ಬಂತು? ಅವರು ಹೊರಗೆ ನೋಡುವುದಿಲ್ಲ, ಎದುರಿಗಿರುವ ಯಂತ್ರಗಳನ್ನು ನೋಡುತ್ತಾರೆ.

ಬುಗುರಿ ಜೋರಾಗಿ ತಿರುಗುವಾಗ ನೆಟ್ಟಗೆ ನಿಲ್ಲುತ್ತದೆ ಅಲ್ಲವೆ? ಅಂಗೈ ಮೇಲೆ ತೆಗೆದುಕೊಂಡು ಕೈ ವಾಲಿಸಿದರೂ ಅದು ನೆಟ್ಟಗೇ ಇರುತ್ತದೆ. ಅದೇ ತತ್ವದ ಗೈರೋಸ್ಕೋಪ್ ಎಂಬ ಚಕ್ರ ವಿಮಾನದಲ್ಲಿದೆ. ವಿಮಾನ ವಾಲಿದರೂ ಅದು ವಾಲುವುದಿಲ್ಲ. ಅದಕ್ಕೆ ಜೋಡಿಸಿದ ಗಡಿಯಾರದಂಥ ಮುಖದಲ್ಲಿ ಮೇಲೆ ನೀಲಿ, ಕೆಳಗೆ ಕಂದು ಬಣ್ಣ ಇರುತ್ತದೆ. ನೀಲಿ ಆಕಾಶ, ಕಂದು ನೆಲ. ಇದಕ್ಕೆ ಕೃತಕ ದಿಗಂತ ಅಂತ ಹೆಸರು. ಕಿವಿ ಏನೇ ಹೇಳಲಿ, ಇದನ್ನೇ ನಂಬಬೇಕು. ಅದು ತುಂಬಾ ಕಷ್ಟ, ಅದಕ್ಕೇ ಬೇರೆ ತರಬೇತಿ ಮತ್ತು ಬೇರೆ ಪರೀಕ್ಷೆ ಇದೆ.

ಇನ್ನೊಂದು ಯಂತ್ರ ಎತ್ತರ ತೋರಿಸುವುದು. ಇದು ಗಾಳಿಯ ಒತ್ತಡ ಅಳೆಯುತ್ತದೆ. ಇಲ್ಲಿ ಒಂದು ಮೋಸ ಇದೆ. ಹಾರುವಾಗ ಅದು ಸಾಮಾನ್ಯವಾಗಿ ತೋರಿಸುವುದು ಸಮುದ್ರ ಮಟ್ಟದಿಂದ ಎತ್ತರ, ಕೆಳಗಿನ ನೆಲದಿಂದ ಅಲ್ಲ. ಜಕ್ಕೂರಿನ ನೆಲವೇ ಸುಮಾರು 920 ಮೀಟರ್ ಎತ್ತರದಲ್ಲಿದೆ. ಯಂತ್ರ 1,200 ಅಂತ ತೋರಿಸಿದರೆ ಜಕ್ಕೂರಿನ ಮೇಲೆ 280 ಮೀಟರ್ ಎತ್ತರದಲ್ಲಿ ಇದ್ದ ಹಾಗಾಯಿತು. ಅದೇ ಎತ್ತರದಲ್ಲಿ ಉತ್ತರಕ್ಕೆ ಹೋದರೆ 1,478 ಮೀಟರಿನ ನಂದಿಬೆಟ್ಟದ ತುದಿಗಿಂತ 278 ಮೀಟರ್ ಕೆಳಗೆ ಇರುತ್ತೀರಿ! ಯಂತ್ರ ಸುಳ್ಳು ಹೇಳಿಲ್ಲ. ನಕ್ಷೆ ನೋಡದವರ ತಪ್ಪು. ಅದಕ್ಕೇ ಯಂತ್ರ ನಂಬಿ ಹಾರುವವರು ಸುತ್ತಲಿನ 8 ಕಿ.ಮೀ. ಒಳಗಿನ ಅತಿ ಎತ್ತರದ ಜಾಗಕ್ಕಿಂತ 300 ಮೀಟರ್, ಬೆಟ್ಟದ ಸೀಮೆಯಲ್ಲಾದರೆ 600 ಮೀಟರ್ ಮೇಲೆ ಇರಬೇಕು ಅಂತ ನಿಯಮ.

ದೊಡ್ಡ ವಿಮಾನಗಳಲ್ಲಿ ನೆಲ ಹತ್ತಿರ ಬಂದರೆ ಕೂಗಿ ಎಚ್ಚರಿಸುವ ಯಂತ್ರವೂ ಇದೆ. ಕೆನಡಾದಲ್ಲಿ ಹುಟ್ಟಿದ ಡಾನ್ ಬೇಟ್‌ಮನ್ ಎಂಬ ಎಂಜಿನಿಯರ್ ಅದನ್ನು ಮಾಡಿದರು. ಹಳೆಯ ಚಿಕ್ಕ ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ನಡೆದ ಘಟನೆಗಳು

2021ರ ಡಿಸೆಂಬರ್ 8. ಕೊಯಮತ್ತೂರಿನ ಹತ್ತಿರದ ಸೂಲೂರಿನಿಂದ ವಾಯುಪಡೆಯ ಹೆಲಿಕಾಪ್ಟರ್ ನೀಲಗಿರಿಯ ವೆಲ್ಲಿಂಗ್ಟನ್‌ಗೆ ಹೊರಟಿತು. ಅದರಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರಾದ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ 14 ಜನ ಇದ್ದರು. ಕೂನೂರಿನ ಹತ್ತಿರ ಮೋಡದಲ್ಲಿ ಮರೆಯಾಗಿ ಅಪಘಾತವಾಯಿತು. ಸದ್ದು ಕೇಳಿ ಮೊದಲು ಓಡಿದವರು ಅಲ್ಲಿನ ಹಳ್ಳಿಯವರು. ವಿಚಾರಣೆ ಮಾಡಿದವರು 2022ರ ಜನವರಿಯಲ್ಲಿ ಕಾರಣ ಹೇಳಿದರು. ಯಂತ್ರ ಕೆಟ್ಟಿರಲಿಲ್ಲ, ಯಾರೂ ಬೇಕೆಂದು ಮಾಡಿರಲಿಲ್ಲ. ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕು ತಪ್ಪಿತು, ಬೆಟ್ಟಕ್ಕೆ ತಾಗಿತು. ಅನುಭವಿಗಳಿಗೂ ಹೀಗಾಗುತ್ತದೆ ಅಂದರೆ ಕಲಿಯುವವರ ಗತಿ ಯೋಚಿಸಿ.

ಆ ದಿನ ಒಬ್ಬರು ಮಾತ್ರ ಉಳಿದಿದ್ದರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್. ಅವರನ್ನು ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ತಂದರು. ಡಿಸೆಂಬರ್ 15ರಂದು ಅವರೂ ತೀರಿಕೊಂಡರು. ಅದಕ್ಕೂ ಮುಂಚೆ ತೇಜಸ್ ವಿಮಾನ ಆಕಾಶದಲ್ಲಿ ಕೈಕೊಟ್ಟಾಗ ಅದನ್ನು ಉಳಿಸಿ ಇಳಿಸಿದ್ದಕ್ಕೆ ಅವರಿಗೆ ಶೌರ್ಯ ಚಕ್ರ ಬಂದಿತ್ತು. ಆಗ ಅವರು ತಾವು ಓದಿದ ಶಾಲೆಗೆ ಪತ್ರ ಬರೆದಿದ್ದರು. ನಾನು ಓದಿನಲ್ಲಿ ಸಾಧಾರಣ ಹುಡುಗನಾಗಿದ್ದೆ, ಸಾಧಾರಣ ಆದರೂ ಪರವಾಗಿಲ್ಲ, ಮನಸ್ಸಿಗೆ ಹಿಡಿಸಿದ ಕೆಲಸವನ್ನು ಪೂರ್ತಿ ಶ್ರದ್ಧೆಯಿಂದ ಮಾಡಿ ಅನ್ನುವ ಅರ್ಥದ ಪತ್ರ ಅದು. ಗಣಿತದಲ್ಲಿ 45 ತೆಗೆಯುವ ನನಗೆ ಇದನ್ನು ಓದಿ ಕಣ್ಣಲ್ಲಿ ನೀರು ಬಂತು.

2023ರ ಜನವರಿ ಮೊದಲ ವಾರ. ಮಧ್ಯಪ್ರದೇಶದ ರೀವಾದಲ್ಲಿ ರಾತ್ರಿ ಹೊತ್ತು ಮಂಜಿನಲ್ಲಿ ತರಬೇತಿ ವಿಮಾನವೊಂದು ದೇವಸ್ಥಾನದ ಗೋಪುರಕ್ಕೆ ತಾಗಿ ಬಿತ್ತು. ಕಲಿಸುವವರು ತೀರಿಕೊಂಡರು, ಕಲಿಯುವವರಿಗೆ ಗಾಯವಾಯಿತು. ಅದೇ ವರ್ಷ ಮಾರ್ಚ್ 18ರಂದು ಬಾಲಾಘಾಟ್ ಜಿಲ್ಲೆಯ ಬೆಟ್ಟಗಾಡಿನಲ್ಲಿ ಇನ್ನೊಂದು ತರಬೇತಿ ವಿಮಾನ ಬಿದ್ದು ಕಲಿಸುವವರೂ ಕಲಿಯುತ್ತಿದ್ದ ಯುವತಿಯೂ ತೀರಿಕೊಂಡರು. ದೊಡ್ಡಮ್ಮ ಟಿ.ವಿ.ಯಲ್ಲಿ ನೋಡಿದ್ದು ಇದನ್ನೇ. ಅವರ ಭಯ ಸುಳ್ಳಲ್ಲ.

ನಮ್ಮ ರಾಜ್ಯದ್ದೂ ಒಂದಿದೆ. 2023ರ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಹತ್ತಿರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಆದರೆ ಅದರಲ್ಲಿ ಪೈಲಟ್‌ನ್ನು ಸೀಟು ಸಮೇತ ಹೊರಗೆ ಎಸೆಯುವ ವ್ಯವಸ್ಥೆ ಇತ್ತು. ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಸೆಸ್ನಾದಂಥ ಚಿಕ್ಕ ವಿಮಾನದಲ್ಲಿ ಅಂಥ ಸೀಟು ಇರುವುದಿಲ್ಲ. ಅದರಲ್ಲಿ ಹಾರುವವರಿಗೆ ಬುದ್ಧಿಯೇ ಪ್ಯಾರಾಚೂಟ್.

ನಿಮಗೆ ಗೊತ್ತೆ?

ನೀಲಗಿರಿಯಲ್ಲೇ 1950ರ ಡಿಸೆಂಬರ್ 13ರಂದು ಒಂದು ಪ್ರಯಾಣಿಕರ ವಿಮಾನ ಬೆಟ್ಟಕ್ಕೆ ತಾಗಿತ್ತು. ಅದರಲ್ಲಿ ಅಬ್ರಹಾಂ ವಾಲ್ಡ್ ಎಂಬ ದೊಡ್ಡ ಗಣಿತಜ್ಞ ಮತ್ತು ಅವರ ಪತ್ನಿ ತೀರಿಕೊಂಡರು. ವಿಚಿತ್ರ ಏನೆಂದರೆ, ವಾಲ್ಡ್ ಅವರು ಎರಡನೇ ಮಹಾಯುದ್ಧದಲ್ಲಿ ವಿಮಾನಗಳನ್ನು ಉಳಿಸುವ ಲೆಕ್ಕ ಹಾಕಿದವರು! ಯುದ್ಧದಿಂದ ವಾಪಸ್ ಬಂದ ವಿಮಾನಗಳಲ್ಲಿ ಗುಂಡಿನ ತೂತು ಜಾಸ್ತಿ ಇರುವ ಕಡೆ ಗಟ್ಟಿ ತಗಡು ಹಾಕಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅವರ ಲೆಕ್ಕ ಉಲ್ಟಾ ಹೇಳಿತು. ಅಲ್ಲಿ ತೂತಾದರೂ ಇವು ವಾಪಸ್ ಬಂದಿವೆ, ಬೇರೆ ಕಡೆ ಗುಂಡು ಬಿದ್ದವು ಬರಲೇ ಇಲ್ಲ, ಆದ್ದರಿಂದ ತೂತು ಇಲ್ಲದ ಕಡೆ ಗಟ್ಟಿ ಮಾಡಬೇಕು.

ಗಣಿತದ ಮೇಷ್ಟ್ರು ಇದನ್ನು ಹೇಳಿದಾಗ ನನಗೆ ದೊಡ್ಡಮ್ಮ ನೆನಪಾದರು. ಯುದ್ಧದ ಕಾಲದಲ್ಲಿ ವಾಪಸ್ ಬಂದ ವಿಮಾನ ಮಾತ್ರ ಕಣ್ಣಿಗೆ ಬೀಳುತ್ತಿತ್ತು. ದೊಡ್ಡಮ್ಮ ಬಿದ್ದ ವಿಮಾನ ಮಾತ್ರ ನೋಡುತ್ತಾರೆ. ಮಂಜು ಕಂಡು ವಾಪಸ್ ತಿರುಗಿ ಊಟಕ್ಕೆ ಮನೆಗೆ ಬಂದವರ ಸುದ್ದಿ ಯಾವ ಟಿ.ವಿ.ಯಲ್ಲೂ ಬರುವುದಿಲ್ಲ. ಎರಡೂ ಅರ್ಧ ಲೆಕ್ಕ.

ತಿಳಿದವರೂ ಯಾಕೆ ಒಳಗೆ ಹೋಗುತ್ತಾರೆ?

ಇದನ್ನು ಅಕ್ಕನನ್ನು ಕೇಳಿದೆ. ಅವಳು ಹೇಳಿದಳು: "ಮಂಜು ಗೋಡೆ ಥರ ಎದುರಿಗೆ ಬಂದು ನಿಲ್ಲಲ್ಲ ಕಣೋ. ಸ್ವಲ್ಪ ಸ್ವಲ್ಪ ಬರುತ್ತೆ. ಇನ್ನೊಂಚೂರು ಹೋದ್ರೆ ತಿಳಿಯಾಗುತ್ತೆ ಅಂತ ಅನ್ಸುತ್ತೆ. ಇಷ್ಟು ದೂರ ಬಂದಿದೀವಿ, ವಾಪಸ್ ಹೋದ್ರೆ ಏನಂದುಕೊಳ್ತಾರೋ ಅಂತಾನೂ ಇರುತ್ತೆ." ಇದು ನಮಗೂ ಗೊತ್ತಿರುವ ಸಂಗತಿ. ಹಳ್ಳದಲ್ಲಿ ನೀರು ಬಂದಾಗ "ಇನ್ನೊಂದು ಹೆಜ್ಜೆ" ಅಂತಲೇ ಜನ ಕೊಚ್ಚಿ ಹೋಗುವುದು. ವಾಪಸ್ ಬರುವುದು ಹೇಡಿತನ ಅಲ್ಲ, ಅದು ಲೆಕ್ಕ ಗೊತ್ತಿರುವವರ ಕೆಲಸ.

ನಾನು ಊರಿಗೆ ಹೊರಡುವ ದಿನ 178 ಸೆಕೆಂಡಿನ ವಿಷಯ, 955 ಮೀಟರಿನ ವಿಷಯ ಎಲ್ಲಾ ದೊಡ್ಡಮ್ಮನಿಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ ಸುಮ್ಮನೆ ಕೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಮಂಜು ಇದ್ರೆ ನಾನು ಹಾರಿಸಲ್ಲ ಅಂತ ಕಲಿಸೋರಿಗೇ ಹೇಳೋಕೆ ನಿಂಗೆ ಧೈರ್ಯ ಇದ್ಯಾ?" ಅಂತ ಕೇಳಿದರು. ಅಕ್ಕ ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದೆ ಅಂದ್ರೆ ಸುಳ್ಳಾಗುತ್ತೆ. ಕಲೀತೀನಿ" ಅಂದಳು. ದೊಡ್ಡಮ್ಮ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಮೊದಲು ಪರೀಕ್ಷೆ ಬರಿ, ಆಮೇಲೆ ಜಕ್ಕೂರಿಗೆ ಹೋಗಿ ನಾನೇ ವಿಚಾರಿಸ್ತೀನಿ" ಅಂದರು. ಅಷ್ಟು ಅಂದದ್ದೇ ದೊಡ್ಡದು ಅಂತ ದೊಡ್ಡಪ್ಪ ಬಸ್ ಸ್ಟ್ಯಾಂಡಿನಲ್ಲಿ ನನಗೆ ಗುಟ್ಟಾಗಿ ಹೇಳಿದರು.

ಗೆಳೆಯರೇ, ನಾಳೆ ಬೆಳಿಗ್ಗೆ ಮಂಜು ಬಿದ್ದರೆ ಶಾಲೆಯ ಗೇಟಿನಲ್ಲಿ ನಿಂತು ನಂದಿಬೆಟ್ಟದ ಕಡೆ ನೋಡಿ. ಬೆಟ್ಟ ಕಾಣುವುದಿಲ್ಲ. ಆದರೆ ಅದು ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ. ಸೈಕಲ್‌ನಲ್ಲಿ ಬರುವವರು ಇಳಿದು ತಳ್ಳಿಕೊಂಡು ಬನ್ನಿ.

ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ